ಬೆರಕೆ ಮಾತಿನ ಹಿಂದೆ ಹೋದರೆ ಹೊಟ್ಟೆಗೆ ಹಿಟ್ಟುಂಟಾ?

ಪ್ರಶ್ನೆ: ಟೀಚರೇ, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ಹವ್ಯಕ ಕನ್ನಡ, ತೋಟಕ್ಕೆ ಬರುವ ಕೆಲಸದವರ ಹತ್ತಿರ ತುಳು, ಪೇಟೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಪುಸ್ತಕದ ಕನ್ನಡ. ಕೆಲವೊಮ್ಮೆ ಒಂದೇ ಮಾತಿನಲ್ಲಿ ಮೂರೂ ಬರುತ್ತವೆ. ಬೆಂಗಳೂರಿನ ನೆಂಟರು ‘ನಿಮ್ಮದು ಕಿಚಡಿ ಭಾಷೆ’ ಅಂತ ನಗುತ್ತಾರೆ. ನನ್ನ ಬಿ.ಎ. ಕನ್ನಡ ಮುಗಿಯಿತು. ಬೆರಕೆ ಭಾಷೆಗಳ ಬಗ್ಗೆ ಸಂಶೋಧನೆ ಮಾಡಬೇಕೆಂದು ಆಸೆ. ಅಪ್ಪ ‘ಬಿ.ಎಡ್. ಮಾಡು, ಸಂಶೋಧನೆಯಲ್ಲಿ ಎಂತ ಉಂಟು’ ಎನ್ನುತ್ತಾರೆ. ನಮ್ಮ ಮಾತು ಬೆರಕೆ ಭಾಷೆಯಾ? ಇದನ್ನು ಓದುವುದು ನಿಜಕ್ಕೂ ಒಂದು ಕೆಲಸವಾ?

ಉತ್ತರ: ಅಪ್ಪನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನಿಮ್ಮ ಮಾತು ಬೆರಕೆ ಭಾಷೆಯಾ ಅಂದರೆ, ಅಲ್ಲ. ಬೇಸರ ಮಾಡಬೇಡಿ. ನಾನೂ ಭಾಷಾವಿಜ್ಞಾನದ ಈ ದಾರಿಗೆ ಬಂದದ್ದು ನಮ್ಮೂರಿನದ್ದು ಬೆರಕೆ ಭಾಷೆ ಎಂದು ತಿಳಿದೇ. ಅಲ್ಲ ಅಂತ ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಎರಡು ನಿಮಿಷದಲ್ಲಿ ಹೇಳಿಬಿಟ್ಟೆ, ಅಷ್ಟೇ.

ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಪಕ್ಕದವಳ ಜೊತೆ ತುಳುವಿನಲ್ಲಿ ಮಾತಾಡುತ್ತಿರುತ್ತಾಳೆ. ಬಸ್ ಬಂದ ಕೂಡಲೇ ಕಂಡಕ್ಟರ್ ಹತ್ತಿರ ಮಲಯಾಳ. ಒಳಗೆ ಮಗಳ ಟೀಚರ್ ಕಂಡರೆ ಕನ್ನಡ. ಇಲ್ಲಿ ಏನೂ ಬೆರೆತಿಲ್ಲ. ಆಕೆಯ ಹತ್ತಿರ ಮೂರು ಭಾಷೆ ಇವೆ, ಆಳು ನೋಡಿ ಒಂದನ್ನು ತೆಗೆಯುತ್ತಾಳೆ. ಮೂರನ್ನೂ ಬಲ್ಲವರ ನಡುವೆ ಒಂದೇ ವಾಕ್ಯದೊಳಗೂ ಭಾಷೆ ಬದಲಾಯಿಸುತ್ತಾಳೆ. ಅದನ್ನು ಮಾಡಲು ಮೂರೂ ಗೊತ್ತಿರಬೇಕು. ನಿಮ್ಮ ಮನೆಯಲ್ಲಿ ನಡೆಯುವುದರಲ್ಲಿ ಹೆಚ್ಚಿನದು ಇದೇ.

ಇನ್ನು ಪದಗಳ ಸಾಲ. ಅದು ಎಲ್ಲ ಭಾಷೆಯಲ್ಲೂ ಉಂಟು. ನೆಂಟರಿಗೆ ಹೇಳಿ, ಅವರು ಬಾಗಿಲಿಗೆ ಹಾಕುವ ‘ಚಾವಿ’ ಪೋರ್ಚುಗೀಸರದ್ದು. ‘ಜಾಸ್ತಿ’ ಪಾರಸಿಯಿಂದ ಬಂದದ್ದು. ಅವನ್ನು ಬಿಟ್ಟು ಒಂದು ದಿನ ಮಾತಾಡಲಿ ನೋಡೋಣ.

ಆದರೆ ಸಾಲಕ್ಕೂ ಒಂದು ಕಟ್ಟುನಿಟ್ಟು ಇದೆ. ನನ್ನ ಕೆಲಸ ಶುರುವಾಗುವುದು ಅಲ್ಲಿಂದ. ‘ಅಡ್ಜಸ್ಟ್’ ಎಂಬ ಇಂಗ್ಲಿಷ್ ಪದ ತೆಗೆದುಕೊಳ್ಳಿ. ಕನ್ನಡದಲ್ಲಿ ‘ಅಡ್ಜಸ್ಟ್ ಮಾಡಿದೆ’ ಎನ್ನುತ್ತೇವೆ. ತುಳುವಿನಲ್ಲಿ ‘ಅಡ್ಜಸ್ಟ್ ಮಲ್ತೆ’. ಮಲಯಾಳದಲ್ಲಿ ‘ಅಡ್ಜಸ್ಟ್ ಚೆಯ್ದು’. ಕೊಂಕಣಿಯಲ್ಲೂ ‘ಅಡ್ಜಸ್ಟ್’ ಆದ ಮೇಲೆ ‘ಮಾಡು’ ಎಂಬ ಅರ್ಥದ ‘ಕರ್’ ಬರುತ್ತದೆ. ‘ತಟ್ಟಿದೆ, ಮುಟ್ಟಿದೆ’ ಎನ್ನುವ ಹಾಗೆ ‘ಅಡ್ಜಸ್ಟಿದೆ’ ಅಂತ ಯಾರಾದರೂ ಹೇಳುತ್ತಾರಾ? ಇಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ನಮ್ಮ ಪ್ರತ್ಯಯ ನೇರವಾಗಿ ಅಂಟುವುದಿಲ್ಲ, ನಡುವೆ ನಮ್ಮದೇ ಒಂದು ಕ್ರಿಯಾಪದ ಬಂದು ಕೂರಬೇಕು. ಇದನ್ನು ನಮಗೆ ಯಾವ ಮಾಷ್ಟ್ರೂ ಕಲಿಸಿದ್ದಲ್ಲ. ನಾಲ್ಕೂ ಭಾಷೆಯವರು ಒಂದೇ ಅಚ್ಚು ಬಳಸುತ್ತಾರೆ. ತಮಾಷೆಗೆ ‘ಅಡ್ಜಸ್ಟಿಸು’ ಎಂದು ಬರೆಯುವವರಿದ್ದಾರೆ. ಅಲ್ಲಿಯೂ ನಗು ಬರುವುದು ನಿಯಮ ಮುರಿದದ್ದಕ್ಕೇ ಅಲ್ವಾ?

ಕಿಚಡಿ ಎನ್ನುವವರಿಗೆ ಗೊತ್ತಿಲ್ಲದ್ದು ಇದು. ಬೆರಕೆಗೂ ಕಟ್ಟಳೆ ಇದೆ. ಎಲ್ಲಿ ಬೇಕಾದರೂ, ಏನು ಬೇಕಾದರೂ ಬೆರೆಯುವುದಿಲ್ಲ. ಇನ್ನೊಂದು ಉದಾಹರಣೆ. ಮಲಯಾಳದಲ್ಲಿ ‘ಞಾನ್ ವನ್ನು’, ‘ಅವನ್ ವನ್ನು’, ‘ಅವರ್ ವನ್ನು’. ಯಾರು ಬಂದರೂ ಕ್ರಿಯಾಪದ ಒಂದೇ. ನಮಗೆ ‘ಬಂದೆ, ಬಂದ, ಬಂದರು’ ಬೇರೆ ಬೇರೆ. ಇಷ್ಟು ವರ್ಷ ಮಲಯಾಳದ ಜೊತೆ ಬಾಳಿದ್ದೇವೆ, ಪದಗಳು ಬಂದಿವೆ, ಮಾತಿನ ರಾಗವೂ ಸ್ವಲ್ಪ ಬಂದಿದೆ. ಆದರೆ ಮನೆಮಾತು ಕನ್ನಡ ಇದ್ದವರು ಕ್ರಿಯಾಪದದ ಈ ಬಾಲ ಬಿಟ್ಟು ಮಾತಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಪದ ಬೇಗ ದಾಟುತ್ತದೆ. ಪ್ರತ್ಯಯ ದಾಟುವುದು ಬಹಳ ಕಷ್ಟ. ಸಾರಾ ಥಾಮಸನ್ ಮತ್ತು ಟೆರೆನ್ಸ್ ಕಾಫ್ಮನ್ ಎಂಬ ಭಾಷಾವಿಜ್ಞಾನಿಗಳು 1988ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ಒಡನಾಟ ಕಡಿಮೆ ಇದ್ದರೆ ಪದ ಮಾತ್ರ, ಜಾಸ್ತಿಯಾದ ಹಾಗೆ ವಾಕ್ಯದ ಕಟ್ಟು, ಕೊನೆಗೆ ಪ್ರತ್ಯಯ. ಇದಕ್ಕೆ ತಕರಾರುಗಳಿವೆ. ಆದರೂ ಹೊಸಬರಿಗೆ ಕೈಹಿಡಿದುಕೊಳ್ಳಲು ಒಳ್ಳೆಯ ಊರುಗೋಲು.

ಹಾಗಾದರೆ ನಿಜವಾದ ಬೆರಕೆ ಭಾಷೆ ಅಂದರೆ ಯಾವುದು? ಅದು ಅಪರೂಪ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಮೀಡಿಯಾ ಲೆಂಗ್ವಾ ಎಂಬುದಿದೆ. ವ್ಯಾಕರಣ ಅಲ್ಲಿನ ಮೂಲನಿವಾಸಿಗಳ ಕೆಚುವಾದ್ದು, ಪದಗಳು ಬಹುಪಾಲು ಸ್ಪ್ಯಾನಿಷ್‌ನವು. ನಮ್ಮ ಲೆಕ್ಕದಲ್ಲಿ, ಪ್ರತ್ಯಯವೆಲ್ಲ ತುಳು, ಪದವೆಲ್ಲ ಮಲಯಾಳ ಆದ ಹಾಗೆ. ಕೆನಡಾದ ಮಿಚಿಫ್ ಇನ್ನೂ ವಿಚಿತ್ರ. ಅದರಲ್ಲಿ ಕ್ರಿಯಾಪದ ಕ್ರೀ ಭಾಷೆಯದು, ನಾಮಪದ ಫ್ರೆಂಚಿನದು. ಒಂದೊಂದೂ ಅದರದರ ನಿಯಮದಂತೆಯೇ ನಡೆಯುತ್ತದೆ. ಆಸ್ಟ್ರೇಲಿಯಾದ ಲಜಮಾನು ಎಂಬ ಊರಿನಲ್ಲಿ ಕಾರ್ಮೆಲ್ ಓಶಾನಸಿ ಎಂಬ ವಿದ್ವಾಂಸೆ ಗಮನಿಸಿದ ಲೈಟ್ ವಾರ್ಲ್‌ಪಿರಿಯನ್ನು ಕಟ್ಟಿದವರು ಮಕ್ಕಳು. ದೊಡ್ಡವರು ಪುಟ್ಟ ಮಕ್ಕಳ ಹತ್ತಿರ ತಮ್ಮ ಮನೆಮಾತಾದ ವಾರ್ಲ್‌ಪಿರಿ, ಇಂಗ್ಲಿಷ್, ಇಂಗ್ಲಿಷ್ ಪದಗಳಿಂದ ಬೆಳೆದ ಕ್ರಿಯೋಲ್ ಎಂಬ ಭಾಷೆ ಬೆರೆಸಿ ಮಾತಾಡುತ್ತಿದ್ದರು. ದೊಡ್ಡವರಿಗೆ ಅದು ಅದಲುಬದಲು. ಮಕ್ಕಳು ಅದನ್ನೇ ಒಂದು ಭಾಷೆ ಎಂದು ತಿಳಿದು, ಅದರಲ್ಲಿ ಇಲ್ಲದ ಹೊಸ ರೂಪಗಳನ್ನೂ ಸೇರಿಸಿ ಬೆಳೆಸಿದರು.

ವ್ಯತ್ಯಾಸ ಗೊತ್ತಾಯಿತಲ್ಲ? ಮೂಲ ಭಾಷೆಗಳು ಗೊತ್ತಿಲ್ಲದ ಮಗುವೂ ಆಡಬಹುದಾದಷ್ಟು ಗಟ್ಟಿಯಾದ ಮೇಲೆ ಅದು ಬೆರಕೆ ಭಾಷೆ. ನಿಮ್ಮ ಮನೆಯ ಮಾತು ಆ ಹಂತಕ್ಕೆ ಹೋಗಿಲ್ಲ. ಕರಾವಳಿಯ ಮುಸ್ಲಿಮರು ಆಡುವ ಬ್ಯಾರಿಯನ್ನೂ ಕೆಲವರು ಬೆರಕೆ ಎಂದು ತಳ್ಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅದರ ಎಲುಬು ಮಲಯಾಳಕ್ಕೆ ಹತ್ತಿರದ್ದು. ಶಬ್ದದಲ್ಲಿ ನೆರೆಯ ಪ್ರಭಾವ ಕಾಣುತ್ತದೆ. ಮಲಯಾಳದಲ್ಲಿ ಮೊದಲಿಗೆ ‘ವ’ ಇರುವ ಕಡೆ ಬ್ಯಾರಿಯಲ್ಲಿ ‘ಬ’, ತುಳು ಕನ್ನಡಗಳ ಹಾಗೆ. ಅಷ್ಟಕ್ಕೆ ಬೆರಕೆ ಅಂದರೆ ಲೋಕದಲ್ಲಿ ಯಾವ ಭಾಷೆಯೂ ಉಳಿಯುವುದಿಲ್ಲ. ಸುಶೀಲಾ ಉಪಾಧ್ಯಾಯರಂಥವರು ಅದರ ಹಿಂದೆ ಬಿದ್ದು ಕೆಲಸ ಮಾಡಿದ್ದರಿಂದ ನಮಗೆ ಇಷ್ಟಾದರೂ ಗೊತ್ತಿದೆ.

ಈಗ ನನ್ನದೇ ಒಂದು ಪೆಟ್ಟಿನ ಕತೆ. ನಿಮಗೆ ಇದು ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಭಾಷಾವಿಜ್ಞಾನಿ ಮಂಗೇಶ ನಾಡಕರ್ಣಿಯವರು 1975ರಲ್ಲಿ ಕರ್ನಾಟಕದ ಸಾರಸ್ವತರ ಕೊಂಕಣಿಯ ಬಗ್ಗೆ ಒಂದು ಲೇಖನ ಬರೆದರು. ಈ ವಿಷಯ ಓದುವವರು ಯಾರೂ ಅದನ್ನು ದಾಟಿ ಹೋಗುವ ಹಾಗಿಲ್ಲ. ಕೊಂಕಣಿ ಮರಾಠಿಯ ಬಳಗದ್ದು. ಅಲ್ಲಿ ‘ಯಾವನು ಹೀಗೋ ಅವನು ಹಾಗೆ’ ಎನ್ನಲು ‘ಜೊ… ತೊ…’ ಎಂಬ ಜೋಡಿ ಇದೆ. ಅದರಲ್ಲಿ ‘ಜೊ’ ಪ್ರಶ್ನೆಯ ಪದ ಅಲ್ಲ. ನಮ್ಮ ಕಡೆಯ ಕೊಂಕಣಿಯಲ್ಲಿ ಆ ಜಾಗಕ್ಕೆ ಪ್ರಶ್ನೆಯ ಪದವೇ ಬಂದು ಕೂತಿದೆ. ನಾಡಕರ್ಣಿಯವರ ಉದಾಹರಣೆ ಇದು: ‘ಖಂಚೊ ಮ್ಹಾಂತಾರೊ ಪೇಪರ್ ವಾಚ್ಚತ್ ಆಸ್ಸ ಕೀ, ತೊ ಡಾಕ್ಟರು ಆಸ್ಸ’. ಅದರ ಕೆಳಗೆ ಕನ್ನಡ ಇಡಿ: ‘ಯಾವ ಮುದುಕ ಪೇಪರ್ ಓದ್ತಾ ಇದ್ದಾನೋ, ಅವನು ಡಾಕ್ಟರು’. ‘ಖಂಚೊ’ಗೆ ‘ಯಾವ’, ‘ಕೀ’ಗೆ ‘ಇದ್ದಾನೋ’ದ ಕೊನೆಯ ‘ಓ’. ಪದಗಳು ಕೊಂಕಣಿಯವು, ಅಚ್ಚು ಕನ್ನಡದ್ದು. ಕೊಂಕಣಿಗೆ ಈ ಸಾಲದ ಅಗತ್ಯವೇ ಇರಲಿಲ್ಲ, ತನ್ನದೇ ಕಟ್ಟು ಇತ್ತಲ್ಲ. ಬೇಕಾಗಿದ್ದಕ್ಕೆ ಮಾತ್ರ ಭಾಷೆ ಸಾಲ ತರುತ್ತದೆ ಎಂಬ ಮಾತನ್ನು ಈ ಒಂದು ವಾಕ್ಯ ಅಲ್ಲಾಡಿಸಿಬಿಡುತ್ತದೆ. ತಲೆಮಾರುಗಳಿಂದ ಎರಡೂ ಭಾಷೆ ಬಾಯಲ್ಲಿದ್ದರೆ ಸಾಕು.

ಎಂ.ಎ. ಓದುವಾಗ ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಮಂಜೇಶ್ವರಕ್ಕೆ ಹೋದೆ. ಗುರುತಿನವರ ಮನೆ. ಅಲ್ಲೊಬ್ಬರು ಅಜ್ಜಿ. ನಾನು ಬರೆದುಕೊಂಡು ಹೋಗಿದ್ದ ಕನ್ನಡ ವಾಕ್ಯಗಳನ್ನು ಒಂದೊಂದಾಗಿ ಓದುವುದು, ಅವರು ಕೊಂಕಣಿಯಲ್ಲಿ ಹೇಳುವುದು. ‘ಯಾವ ಹುಡುಗಿ ನಿನ್ನೆ ಬಂದಳೋ ಅವಳು ನನ್ನ ತಂಗಿ’, ‘ಯಾವ ಮರ ಬಿತ್ತೋ ಅದು ಹಲಸಿನದು’, ಇಂಥವೇ. ನಲವತ್ತು ವಾಕ್ಯ. ನಲವತ್ತಕ್ಕೆ ನಲವತ್ತೂ ‘ಖಂಚೊ… ಕೀ’. ಲಾಟರಿ ಹೊಡೆದವಳ ಹಾಗೆ ವಾಪಸು ಬಂದೆ.

ನನ್ನ ಗುರುಗಳು ಕಾಗದ ನೋಡಿದರು. ಒಂದೇ ಪ್ರಶ್ನೆ ಕೇಳಿದರು. ‘ನೀನು ಯಾವ ಭಾಷೆಯಲ್ಲಿ ಕೇಳಿದೆ?’

ಅಷ್ಟೇ. ನಲವತ್ತು ವಾಕ್ಯವೂ ದಂಡ. ಕನ್ನಡದ ಅಚ್ಚನ್ನು ನಾನೇ ಅಜ್ಜಿಯ ಕೈಗೆ ಕೊಟ್ಟಿದ್ದೆ. ಅವರು ಮರ್ಯಾದೆಗೆ ಅದರಲ್ಲೇ ಕೊಂಕಣಿ ಹೊಯ್ದು ಕೊಟ್ಟಿದ್ದರು. ಅದು ಅವರ ಮಾತು ಅಂತ ನಾನು ಹೇಗೆ ಹೇಳಲಿ?

ಎರಡನೇ ಸಲ ಹೋದಾಗ ಕಾಗದ ಒಯ್ಯಲಿಲ್ಲ. ನನಗೆ ಕೊಂಕಣಿ ಕೇಳಿದರೆ ಅರ್ಥವಾಗುತ್ತಿತ್ತು, ಬಾಯಿ ಮಾತ್ರ ತಿರುಗುತ್ತಿರಲಿಲ್ಲ. ಹಾಗಾಗಿ ಅಜ್ಜಿಯ ಸೊಸೆಯನ್ನು ಕೂರಿಸಿಕೊಂಡು ‘ಪತ್ರೊಡೆ ಮಾಡುವುದು ಹೇಗೆ, ನೀವೇ ಇವರಿಗೆ ಹೇಳಿಕೊಡಿ’ ಎಂದು ಅಜ್ಜಿಗೆ ಹೇಳಿದೆ. ನಾನು ಮೂಲೆಯಲ್ಲಿ ಕೂತೆ. ಸೊಸೆಗೆ ಪತ್ರೊಡೆ ಅತ್ತೆಗಿಂತ ಚೆನ್ನಾಗಿ ಬರುತ್ತಿತ್ತು. ಜಗಳ ಹತ್ತಿಕೊಂಡಿತು. ಕೆಸುವಿನ ಎಲೆಗೆ ಹಿಟ್ಟು ಹಚ್ಚುವುದು ಹಿಂಬದಿಗೋ ಮುಂಬದಿಗೋ ಎಂಬುದರ ಮೇಲೆಯೇ ಕಾಲು ಗಂಟೆ. ಅಂಥ ಮಾತು ಪ್ರಶ್ನೆ ಕೇಳಿದರೆ ಸಿಗುವುದಿಲ್ಲ. ಅದರಲ್ಲಿ ‘ಖಂಚೊ… ಕೀ’ ಬಂದದ್ದು ಬೆರಳೆಣಿಕೆಯಷ್ಟು ಸಲ. ಉಳಿದ ಕಡೆ ‘ಓದುತ್ತಿದ್ದ ಮುದುಕ’ ಎಂಬಂಥ ಚಿಕ್ಕ ಕಟ್ಟು. ಆ ಬೆರಳೆಣಿಕೆಯ ವಾಕ್ಯಗಳಿಗೆ ನಲವತ್ತಕ್ಕಿಂತ ಬೆಲೆ ಹೆಚ್ಚು.

ಇನ್ನು ಮಹಾರಾಷ್ಟ್ರದ ಸಾಂಗ್ಲಿಯ ಹತ್ತಿರದ ಕುಪ್ವಾಡ್. ಇದೂ ಗಡಿ ಊರೇ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಲೇಖನದಿಂದ ಲೋಕದ ಭಾಷಾವಿಜ್ಞಾನಿಗಳಿಗೆಲ್ಲ ಈ ಹೆಸರು ಗೊತ್ತು. ಊರಿನ ಮಂದಿಗೆ ಗೊತ್ತಿಲ್ಲದಿದ್ದರೂ ಆಶ್ಚರ್ಯ ಇಲ್ಲ. ಕನ್ನಡ ಆಡುವ ಜೈನರು, ಲಿಂಗಾಯತರು, ಉರ್ದು ಆಡುವ ಮುಸ್ಲಿಮರು, ಮರಾಠಿಯವರು, ಸ್ವಲ್ಪ ತೆಲುಗಿನವರು. ಅಲ್ಲಿನ ಉರ್ದು ವಾಕ್ಯ: ‘ಪಾಲಾ ಜರಾ ಕಾಟ್ ಕೆ ಲೇ ಕೆ ಆಯಾ’. ಮರಾಠಿ: ‘ಪಾಲಾ ಜರಾ ಕಾಪೂನ್ ಘೇಊನ್ ಆಲೊ’. ನೀವೇ ಕನ್ನಡದಲ್ಲಿ ಇಡಿ: ‘ಸೊಪ್ಪು ಸ್ವಲ್ಪ ಕೊಯ್ದು ತಗೊಂಡು ಬಂದೆ’. ಪದಕ್ಕೆ ಪದ, ಜಾಗಕ್ಕೆ ಜಾಗ. ಮರಾಠಿಯಲ್ಲಿ ‘ನದಿ’ ಹೆಣ್ಣು. ಕುಪ್ವಾಡದ ಮರಾಠಿಯಲ್ಲಿ ಕನ್ನಡದ ಹಾಗೆ ಅದು ನಪುಂಸಕ. ಮನೆಯ ಮಾತು ಬಿಡುವ ಹಾಗಿಲ್ಲ, ಅದು ಜಾತಿಯ, ಬಳಗದ ಗುರುತು. ನೆರೆಯವರ ಜೊತೆ ವ್ಯವಹಾರ ಬಿಡುವ ಹಾಗೂ ಇಲ್ಲ. ಹಾಗಾಗಿ ಪದಗಳು ಬೇರೆಯಾಗಿಯೇ ಉಳಿದವು, ವ್ಯಾಕರಣ ಹತ್ತಿರ ಬಂತು. ಇದು ಅವರ ವಿವರಣೆ. ಕೇಳಲು ಬಹಳ ಚಂದ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ನಲವತ್ತು ವರ್ಷದ ಮೇಲೆ ಅದೇ ಊರಿನ ಮಾತನ್ನು ಮತ್ತೆ ಪರೀಕ್ಷಿಸಿ, 2016ರಲ್ಲಿ ಆ ಚಂದವನ್ನು ಪ್ರಶ್ನೆ ಮಾಡಿದರು. ಹಳ್ಳಿಯಾಗಿದ್ದ ಕುಪ್ವಾಡ್ ಈಗ ಸಾಂಗ್ಲಿ-ಮಿರಜ್ ಜೊತೆ ಮಹಾನಗರಪಾಲಿಕೆಯೊಳಗೆ ಸೇರಿದೆ. ಎಷ್ಟೇ ಹೆಸರಾದ ಲೇಖನವಾದರೂ ಊರಿಗೆ ಹೋಗಿ ನೋಡಬೇಕು.

ಕುಪ್ವಾಡದಲ್ಲಿ ಒಂದು ಅನುಕೂಲ ಇತ್ತು. ಕನ್ನಡ ಒಂದು ಕುಟುಂಬ, ಮರಾಠಿ ಇನ್ನೊಂದು. ಹೋಲಿಕೆ ಕಂಡರೆ ಒಡನಾಟದಿಂದ ಬಂದದ್ದು ಅಂತ ಹೇಳುವುದು ಸುಲಭ. ಕಾಸರಗೋಡಿನಲ್ಲಿ ಕೊಂಕಣಿ, ಮರಾಠಿ, ಉರ್ದು ಬಿಟ್ಟರೆ ಉಳಿದವೆಲ್ಲ ಅಕ್ಕತಂಗಿಯರು. ಅಕ್ಕತಂಗಿಯರ ಮೂಗು ಒಂದೇ ಥರ ಇದ್ದರೆ ಒಬ್ಬಳಿಂದ ಇನ್ನೊಬ್ಬಳು ಕದ್ದದ್ದು ಎನ್ನಲು ಆಗುತ್ತದಾ? ಅಜ್ಜಿಯಿಂದ ಬಂದಿರಬಹುದು.

ನಿಮ್ಮ ಮನೆಯ ಮಾತನ್ನೇ ನೋಡಿ. ನಿಮ್ಮಮ್ಮ ‘ಎಂಗೊ’ ಅಂದರೆ ಎದುರಿಗಿದ್ದವರು ಲೆಕ್ಕಕ್ಕಿಲ್ಲ. ‘ನಾವು ಹೋಪ’ ಅಂದರೆ ಅವರೂ ಸೇರಿದರು. ಪುಸ್ತಕದ ಕನ್ನಡದಲ್ಲಿ ಎರಡಕ್ಕೂ ‘ನಾವು’. ತುಳುವಿನಲ್ಲಿ ‘ಎಂಕುಲು’ ಬೇರೆ, ‘ನಮ’ ಬೇರೆ. ಮಲಯಾಳದಲ್ಲೂ ‘ಞಙ್ಙಳ್’ ಬೇರೆ, ‘ನಮ್ಮಳ್’ ಬೇರೆ. ಇದನ್ನು ನೋಡಿದ ಹೊಸ ಸಂಶೋಧಕಿ ಏನೆನ್ನುತ್ತಾಳೆ? ‘ಹವ್ಯಕರು ಇದನ್ನು ತುಳುವಿನಿಂದ ತಂದರು’ ಅಂತ. ತಡೆಯಿರಿ. ಈ ಭೇದ ಇವೆಲ್ಲದರ ಅಜ್ಜಿಯಾದ ಮೂಲ ದ್ರಾವಿಡದಲ್ಲೇ ಇತ್ತು. ಹಾಗಾದರೆ ಕಳಕೊಂಡದ್ದು ಪುಸ್ತಕದ ಕನ್ನಡ. ನಿಮ್ಮಮ್ಮ ಹಳೆಯದನ್ನು ಉಳಿಸಿಕೊಂಡಿರಬಹುದು. ಅಥವಾ ಉಳಿಯಲು ತುಳು, ಮಲಯಾಳದ ನೆರೆಯೂ ಕಾರಣ ಇರಬಹುದು. ತೀರ್ಮಾನಿಸಲು ಸಿರಸಿ, ಸಾಗರದ ಹವ್ಯಕರ ಮಾತನ್ನು ಪಕ್ಕಕ್ಕಿಟ್ಟು ನೋಡಬೇಕು. ಅವರ ಬೇಲಿಯಾಚೆ ತುಳುವಿಲ್ಲ, ಮಲಯಾಳವಿಲ್ಲ. ಆ ಕೆಲಸಕ್ಕೆ ನಿಮಗಿಂತ ಒಳ್ಳೆಯ ಕಿವಿ ಯಾರಿಗಿದೆ? ಇದೇ ಒಂದು ಎಂ.ಎ. ಪ್ರಬಂಧಕ್ಕೆ ಆಗುವಷ್ಟು ಉಂಟು.

ಈಗ ಅಪ್ಪನ ಪ್ರಶ್ನೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಭಾಷಾವಿಜ್ಞಾನದಲ್ಲಿ ಅಧ್ಯಾಪಕರ ಹುದ್ದೆ ಕಡಿಮೆ. ಕಾಲೇಜುಗಳಲ್ಲಿ ಈ ವಿಭಾಗವೇ ಅಪರೂಪ. ಎಂ.ಎ. ಆಗಿ, ಪಿಎಚ್.ಡಿ. ಮುಗಿದು ಕಾಯಂ ಕೆಲಸ ಸಿಗುವ ಹೊತ್ತಿಗೆ ನಿಮ್ಮ ಜೊತೆ ಬಿ.ಎಡ್. ಮಾಡಿದವಳ ಮನೆಯ ಸಾಲ ತೀರಿರುತ್ತದೆ. ಸುಳ್ಳು ಹೇಳಿ ಕರೆಯಲಾರೆ.

ಆದರೆ ಬಾಗಿಲುಗಳಿವೆ. ಎಂ.ಎ.ಗೆ ಬಿ.ಎ. ಕನ್ನಡ ಸಾಕಾಗುತ್ತದೆ. ದೂರ ಹೋಗಬೇಕೆಂದೂ ಇಲ್ಲ. ನಿಮ್ಮ ಜಿಲ್ಲೆಯಲ್ಲೇ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ವಿಭಾಗ ಇದೆ. ಪುಣೆಯ ಡೆಕ್ಕನ್ ಕಾಲೇಜು, ಅಣ್ಣಾಮಲೈ, ಉಸ್ಮಾನಿಯಾ, ಹೈದರಾಬಾದ್ ವಿಶ್ವವಿದ್ಯಾಲಯ ಇವೆ. ನನ್ನನ್ನು ಕೇಳಿದರೆ ಒಮ್ಮೆ ಊರು ಬಿಟ್ಟು ಹೋಗುವುದೇ ಒಳ್ಳೆಯದು. ಮನೆಯ ಮಾತು ವಿಚಿತ್ರ ಅಂತ ಕಾಣಲು ಸ್ವಲ್ಪ ದೂರ ಬೇಕು. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಭಾಷಾವಿಜ್ಞಾನದಲ್ಲೂ ಬರೆಯಬಹುದು, ಸಂಶೋಧನಾ ವೇತನವಾದ ಜೆಆರ್‌ಎಫ್ ಸಿಕ್ಕಿದರೆ ಅಪ್ಪನ ಹತ್ತಿರ ಕೈ ಚಾಚಬೇಕಾಗಿಲ್ಲ. ಮೈಸೂರಿನಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ ಅಲ್ಲಿಯದ್ದೇ. ಅಂಥ ಯೋಜನೆಗಳ ಕೆಲಸ ಕಾಯಂ ಅಲ್ಲ, ಆದರೆ ಕೈ ಪಳಗುವುದು ಅಲ್ಲೇ.

ಇನ್ನೊಂದು ಕಡೆ ಕಂಪ್ಯೂಟರ್. 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಯಂತ್ರಕ್ಕೆ ಪುಸ್ತಕದ ಕನ್ನಡ ಸುಲಭ. ನಿಮ್ಮ ಮನೆಯ ವಾಟ್ಸಾಪ್ ಗ್ರೂಪ್ ಕಷ್ಟ. ಇಂಗ್ಲಿಷ್ ಅಕ್ಷರ, ಹವ್ಯಕ ಪ್ರತ್ಯಯ, ನಡುವೆ ಮಲಯಾಳದ ಒಂದು ತಮಾಷೆ. ಎಲ್ಲಿ ಒಂದು ಭಾಷೆ ಮುಗಿದು ಇನ್ನೊಂದು ಶುರುವಾಯಿತು ಅಂತ ಗುರುತು ಹಾಕಿ ಕೊಡುವವರು ಬೇಕು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಳ್ಳೆಯ ಸಂಬಳ ತಗೊಳ್ಳುವವರು ಅಲ್ಲಿದ್ದಾರೆ. ನನಗೆ ಆ ಕೆಲಸ ಸ್ವಲ್ಪ ಬೇಸರದ್ದು ಅನಿಸುತ್ತದೆ, ಅವರು ಹಾಗೆ ಹೇಳುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಈ ಕೆಲಸದಲ್ಲಿ ಊರು ಸುತ್ತುವುದು ಕಡಿಮೆ, ಕೂತು ಬರೆಯುವುದು ಜಾಸ್ತಿ. ಈಲಾನ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಧ್ವನಿಯನ್ನು ತುಂಡು ತುಂಡು ಮಾಡಿ, ಕೇಳಿದ್ದನ್ನು ಕೇಳಿದ ಹಾಗೆ ಬರೆದು, ಕೆಳಗೆ ಪ್ರತ್ಯಯ ಬಿಡಿಸಿ, ಅರ್ಥ ಹಾಕಬೇಕು. ಹತ್ತು ನಿಮಿಷದ ಮಾತಿಗೆ ನನಗೆ ಈಗಲೂ ಒಂದು ಇಡೀ ದಿನ ಹಿಡಿಯುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡು ದಿನ. ಪತ್ರೊಡೆಯ ಜಗಳ ಬಿಡಿಸಲು ಒಂದು ತಿಂಗಳು ಕೂತಿದ್ದೆ.

ಅದು ನಿಮ್ಮಿಂದ ಆಗುತ್ತದಾ ಎಂದು ಅರ್ಜಿ ಹಾಕುವ ಮೊದಲೇ ಪರೀಕ್ಷೆ ಮಾಡಿಕೊಳ್ಳಿ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ‘ನಿಮ್ಮ ಮಾತು ರೆಕಾರ್ಡ್ ಮಾಡುತ್ತೇನೆ, ಆದೀತಾ’ ಅಂತ ಮೊದಲು ಕೇಳಿ. ಮನೆಯವರು ಅಂತ ಕದ್ದು ಮಾಡಬೇಡಿ. ಅಡಿಕೆ ಸುಲಿಯುವಾಗ ಮೊಬೈಲ್ ಹತ್ತಿರ ಇಡಿ. ನೀವು ಪ್ರಶ್ನೆ ಕೇಳಬೇಡಿ, ಕೆಲಸಕ್ಕೆ ಬಂದವರ ಜೊತೆ ಅವರೇ ಮಾತಾಡಲಿ, ಅವರನ್ನೂ ಕೇಳಿಯೇ ಶುರು ಮಾಡಿ. ವಾಟ್ಸಾಪ್‌ನ ಧ್ವನಿ ಸಂದೇಶದಲ್ಲಿ ಮಾಡಬೇಡಿ, ಅದು ದನಿಯನ್ನು ಹಿಂಡಿಬಿಡುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಫೈಲ್ ಮಾಡಿ. ಎರಡೇ ಎರಡು ನಿಮಿಷವನ್ನು ಅಕ್ಷರಕ್ಕೆ ಇಳಿಸಿ. ತುಳುವಿಗೆ ಒಂದು ಬಣ್ಣ, ಹವ್ಯಕಕ್ಕೆ ಒಂದು, ಮಲಯಾಳಕ್ಕೆ ಒಂದು. ಯಾವ ಬಣ್ಣ ಹಾಕುವುದೆಂದು ಗೊತ್ತಾಗದೆ ಪೆನ್ನು ನಿಂತ ಜಾಗಗಳಿಗೆ ಸುತ್ತು ಹಾಕಿ ನನಗೆ ಕಳಿಸಿ.

ಮತ್ತೆ, ಫ್ಯಾನ್ ಬಂದ್ ಮಾಡಿ ಕೂತುಕೊಳ್ಳಿ. ನನ್ನ ಮೊದಲ ಮೂರು ಕ್ಯಾಸೆಟ್‌ನಲ್ಲಿ ಅಜ್ಜಿಗಿಂತ ಚೆನ್ನಾಗಿ ಕೇಳುವುದು ಅದೇ.